ಬೋಲ್ಟ್-ಆನ್ ಬೇಸ್ ಗಿಟಾರಲ್ಲಿ ನೆಕ್ಕು ಬಾಡಿಗೆ ಸರಿಯಾಗಿ ಕೂತಿದ್ಯಾ? ಎಲ್ಲಿ ನೋಡ್ಬೇಕು, ಏನ್ ಮಾಡ್ಬೇಕು

ಸ್ಯಾಡಲ್‌ಗಳನ್ನ (ತಂತಿ ಹೊತ್ತಿರೋ ಸಣ್ಣ ತುಂಡುಗಳನ್ನ) ಬಾಡಿ ಮೇಲಿನ ಬ್ರಿಡ್ಜ್ ಪ್ಲೇಟಿಗೆ ತಾಗೋ ತನಕ ಇಳಿಸಾಯ್ತು, ಆದ್ರೂ 12ನೇ ಫ್ರೆಟ್ (ನೆಕ್ಕಿನ ಮೇಲಿನ ಲೋಹದ ಅಡ್ಡಪಟ್ಟಿ) ಆಚೆ ತಂತಿ ಎತ್ತರದಲ್ಲೇ ಇದೆ. ಇಲ್ಲಾ ಜಿ ಸ್ಟ್ರಿಂಗು ಫಿಂಗರ್‌ಬೋರ್ಡ್ ಅಂಚಿಂದ ಆಚೆ ಜಾರ್ತಿದೆ. ಇಲ್ಲಾ ಟ್ಯೂನ್ ಮಾಡಿ ಎರಡು ಹಾಡು ನುಡಿಸೋಷ್ಟ್ರಲ್ಲಿ ಶ್ರುತಿ ಹೋಗಿರತ್ತೆ. ನೋಡೋಕೆ ಮೂರೂ ಬೇರೆ ಬೇರೆ ತೊಂದ್ರೆ, ಜನ ಮೂರಕ್ಕೂ ಬೇರೆ ಬೇರೆ ಮದ್ದು ಮಾಡ್ತಾರೆ, ಒಬ್ರು ನೆಕ್ಕಿನ ಬಾಗು ಹೊಂದಿಸೋ ಟ್ರಸ್ ರಾಡ್ ತಿರುಗಿಸ್ತಾರೆ, ಒಬ್ರು ಹೊಸ ಬ್ರಿಡ್ಜ್ ತರಿಸ್ತಾರೆ, ಇನ್ನೊಬ್ರು ತಂತಿ ಬಿಗಿಯೋ ಟ್ಯೂನರ್ ಬದಲಾಯಿಸ್ತಾರೆ. ಆದ್ರೆ ಮೂರಕ್ಕೂ ಕಾರಣ ಒಂದೇ ಜಾಗದಲ್ಲಿ ಇರಬಹುದು, ನೆಕ್ ಬಂದು ಬಾಡಿ ಒಳಗೆ ಕೂರೋ ಪಾಕೆಟ್‌ನಲ್ಲಿ. ದುಡ್ಡು ಖರ್ಚು ಮಾಡೋಕೆ ಮುಂಚೆ ಅಲ್ಲಿ ನೋಡಿ ಅಂತ ಹೇಳೋಕೇ ಇದನ್ನ ಬರೀತಿದೀನಿ.

ಇನ್ನೊಂದು ಮಾತು ಮೊದಲೇ ಹೇಳ್ಬಿಡ್ತೀನಿ. ಎಲ್ರ ಕಣ್ಣಿಗೂ ಬೀಳೋದು ಪಾಕೆಟ್ ಪಕ್ಕದ ಸಂದು, ಅಲ್ಲಿ ಕಾಗದ ತೂರಿಸಿ ಫೋಟೋ ತೆಗೆದು ನನ್ನ ಬೇಸ್ ಹಾಳಾಗಿದೆ ಅಂತ ಕಳಿಸ್ತಾರೆ. ಪಕ್ಕದ ಸಂದು ಅಷ್ಟು ದೊಡ್ಡ ವಿಷಯ ಅಲ್ಲ. ಕೆಲಸ ಮಾಡೋದು ಪಾಕೆಟ್‌ನ ತಳ ಮತ್ತೆ ಬ್ರಿಡ್ಜ್ ಕಡೆಯ ಗೋಡೆ. ತಳದಲ್ಲಿ ನೆಕ್ಕಿನ ಹೀಲ್ (ಪಾಕೆಟ್ ಒಳಗೆ ಕೂರೋ ಭಾಗ) ಪೂರ್ತಿ ಅಂಟಿ ಕೂತಿದ್ರೆ ಪಕ್ಕದಲ್ಲಿ ಅರ್ಧ ಮಿಮೀ ಸಂದಿದ್ರೂ ಬೇಸ್ ಚೆನ್ನಾಗೇ ನುಡಿಯತ್ತೆ, ತಳದಲ್ಲಿ ಕೂತಿಲ್ಲ ಅಂದ್ರೆ ಪಕ್ಕದಲ್ಲಿ ಕೂದಲು ತೂರದಷ್ಟು ಬಿಗಿ ಇದ್ರೂ ಪ್ರಯೋಜನ ಇಲ್ಲ.

ಕಟ್ಟಿರೋ ರೀತಿ

ಅಮೆರಿಕದ ಗಿಟಾರ್ ತಯಾರಕ ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ತಂದಾಗ ನೆಕ್ಕನ್ನ ಬಾಡಿಗೆ ಅಂಟಿಸ್ಲಿಲ್ಲ, ಹಿಂದಿಂದ ನಾಲ್ಕು ಮರದ ಸ್ಕ್ರೂ ಹಾಕಿ ಒಂದು ಲೋಹದ ಪ್ಲೇಟ್ ಕೊಟ್ಟು ಬಿಗಿದ್ರು, ಬೋಲ್ಟ್-ಆನ್ ಅಂದ್ರೆ ಇದೇ. 1960ರ ಜಾಝ್ ಬೇಸ್ ಕೂಡ ಹಾಗೇನೇ, ಇವತ್ತು ಬೆಂಗಳೂರಲ್ಲಿ ಕಾಲೇಜ್ ಹುಡುಗರು ಮೊದಲನೇ ಸಲ ತಗೊಳ್ಳೋ ಅಗ್ಗದ ಬೇಸ್‌ಗಳಲ್ಲೂ ಬಹುತೇಕ ಇದೇ ಕಟ್ಟು. ಪಾಕೆಟ್ ಅಗಲ ಸುಮಾರು 63.5 ಮಿಮೀ, ಆಳ ಸುಮಾರು 16 ಮಿಮೀ, ಸ್ಕ್ರೂ ಉದ್ದ ಸುಮಾರು 45 ಮಿಮೀ. ಬಾಡಿ ದಪ್ಪ 44-45 ಮಿಮೀ ಅಂತಿಟ್ಕೊಂಡು, ಪ್ಲೇಟಿನ ದಪ್ಪಾನೂ ಸೇರಿಸಿ ಲೆಕ್ಕ ಹಾಕಿದ್ರೆ ಆ ಸ್ಕ್ರೂ ನೆಕ್ಕಿನ ಮರದೊಳಗೆ ಹೋಗೋದು 14-15 ಮಿಮೀ ಅಷ್ಟೇ. ಈ ಲೆಕ್ಕ ನೆನಪಿರಲಿ, ಮುಂದೆ ಬೇಕಾಗತ್ತೆ.

34 ಇಂಚು ಸ್ಕೇಲಿನ (ತಂತಿ ನುಡಿಯೋ ಉದ್ದ) ಬೇಸ್‌ಗೆ ಮಾಮೂಲಿ ಸ್ಟ್ರಿಂಗ್ ಹಾಕಿ ಇ-ಎ-ಡಿ-ಜಿ ಟ್ಯೂನ್ ಮಾಡಿದ್ರೆ ನಾಲ್ಕೂ ತಂತಿ ಸೇರಿ 70-80 ಕೆಜಿ ಆಸುಪಾಸು ಎಳೀತಿರತ್ವೆ. ಆ ಎಳೆತ ಎರಡು ಕೆಲಸ ಮಾಡತ್ತೆ: ನೆಕ್ಕನ್ನ ಉದ್ದಕ್ಕೆ ಬ್ರಿಡ್ಜ್ ಕಡೆ ನೂಕತ್ತೆ, ಜೊತೆಗೆ ಟ್ಯೂನರ್‌ಗಳಿರೋ ತುದಿ ಭಾಗವಾದ ಹೆಡ್‌ಸ್ಟಾಕನ್ನ ಮುಂದಕ್ಕೆ ಬಗ್ಗಿಸೋಕೆ ನೋಡತ್ತೆ. ಹೆಡ್‌ಸ್ಟಾಕ್ ಮುಂದಕ್ಕೆ ಬಂದ್ರೆ ಪಾಕೆಟ್‌ನಲ್ಲಿ ಹೀಲಿನ ತುದಿ ತಳಕ್ಕೆ ಒತ್ತಕೊಳ್ಳತ್ತೆ, ಪಾಕೆಟ್ ಬಾಯಿ ಹತ್ರ ನೆಕ್ಕು ಮೇಲೇಳೋಕೆ ನೋಡತ್ತೆ. ಅಂದ್ರೆ ಹೆಚ್ಚು ಭಾರ ಹೊರ್ತಿರೋದು ಹೆಡ್‌ಸ್ಟಾಕ್ ಕಡೆಯ ಎರಡು ಸ್ಕ್ರೂಗಳು, ಸಂದು ಬಿಡೋದೂ ಆ ಕಡೆನೇ. ಅದಕ್ಕೇ ಪರೀಕ್ಷೆ ಮಾಡುವಾಗ ಮೊದಲು ಪಾಕೆಟ್ ಬಾಯಿ ನೋಡಿ.

ಮೊದಲು ಇದು ಜೋಡಣೆ ದೋಷನೇನಾ ಅಂತ ಖಚಿತ ಮಾಡ್ಕೊಳಿ

ಬೇಸ್ ಟ್ಯೂನ್ ಮಾಡಿ, 1ನೇ ಫ್ರೆಟ್‌ಗೆ ಕೇಪೋ (ತಂತಿಗಳನ್ನೆಲ್ಲ ಒತ್ತಿ ಹಿಡಿಯೋ ಕ್ಲಿಪ್) ಹಾಕಿ, ಕೊನೇ ಫ್ರೆಟ್ ಒತ್ತಿ ಹಿಡಿದು 7-8ನೇ ಫ್ರೆಟ್ ಹತ್ರ ತಂತಿಗೂ ಫ್ರೆಟ್‌ಗೂ ನಡುವಿನ ಜಾಗ ಅಳೀರಿ. 0.3 ಮಿಮೀ ಆಸುಪಾಸು ಇದ್ರೆ ನೆಕ್ಕಿನ ಬಾಗು ಸರಿ ಇದೆ. ಜಾಸ್ತಿ ಇದ್ರೆ ಮೊದಲು ಟ್ರಸ್ ರಾಡ್ ಸರಿ ಮಾಡಿ ಆಮೇಲೆ ಮುಂದಕ್ಕೆ ಹೋಗಿ, ಯಾಕಂದ್ರೆ ಬಾಗಿದ ನೆಕ್ಕಿಗೂ ತಪ್ಪಾಗಿ ಕೂತ ನೆಕ್ಕಿಗೂ ಲಕ್ಷಣ ಒಂದೇ ಥರ ಕಾಣ್ಸತ್ತೆ. ಅಳೆಯೋಕೆ ಫೀಲರ್ ಗೇಜ್ ಬೇಕು, ಅದಕ್ಕೆ ಮ್ಯೂಸಿಕ್ ಅಂಗಡಿ ಹುಡುಕ್ಬೇಡಿ, ಬೆಂಗಳೂರಿನ ಜೆ.ಸಿ. ರೋಡಲ್ಲಿ ಗಾಡಿ ಸ್ಪೇರ್ಸ್ ಮಾರೋ ಅಂಗಡೀಲಿ ಟ್ಯಾಪೆಟ್ ಸೆಟ್ ಮಾಡೋ ಗೇಜ್ ಅಂತ ಕೇಳಿ, ಅದೇ ಸಾಕು.

ಆಮೇಲೆ ಕೇಪೋ ಹಾಗೇ ಇಟ್ಟು 17ನೇ ಫ್ರೆಟ್‌ನಲ್ಲಿ ತಂತಿ ಎತ್ತರ ನೋಡಿ. ಇ ತಂತಿ 2.4 ಮಿಮೀ, ಜಿ ತಂತಿ 2 ಮಿಮೀ, ಇದು ಎಷ್ಟೋ ಜನ ಶುರು ಮಾಡೋ ಅಳತೆ. ಬಾಗು ಸರಿ ಇದ್ದು, ಸ್ಯಾಡಲ್ ಪೂರ್ತಿ ಕೆಳಗಿದ್ದೂ ಇದಕ್ಕಿಂತ ತುಂಬಾ ಮೇಲಿದ್ರೆ ನೆಕ್ಕು ಕೂತಿರೋ ಕೋನ ತಪ್ಪಿದೆ. ತಿರುಗಾಮುರುಗಾ ಆಗೋದೂ ಉಂಟು, ಸ್ಯಾಡಲ್ ಸ್ಕ್ರೂಗಳು ಕೊನೆ ತನಕ ಮೇಲೆದ್ದಿವೆ, ಆದ್ರೂ ತಂತಿ ಫ್ರೆಟ್‌ಗೆ ತಾಗಿ ಗರಗರ ಅನ್ನತ್ತೆ.

ಒಂದು ಲಕ್ಷಣಾನ ಮಾತ್ರ ಜೋಡಣೆ ತಲೆಗೆ ಕಟ್ಬೇಡಿ. ಜಿ ತಂತೀಲಿ 5ರಿಂದ 7ನೇ ಫ್ರೆಟ್ ಸುತ್ತಮುತ್ತ ಒಂದು ಸ್ವರ ಬೇಗ ಸತ್ತುಹೋಗತ್ತೆ, ಬೇರೆಲ್ಲ ಚೆನ್ನಾಗಿ ನಿಲ್ಲತ್ವೆ. ಇದು ಫೆಂಡರ್ ಥರದ ಬೇಸ್‌ಗಳಲ್ಲಿ ತೀರಾ ಮಾಮೂಲಿ, ನೆಕ್ಕಿನ ಸ್ವಂತ ಕಂಪನ ಆ ಸ್ವರದ ಶಕ್ತಿ ಹೀರ್ಕೊಳ್ಳತ್ತೆ. ಗೊತ್ತಾಗ್ಬೇಕು ಅಂದ್ರೆ ಹೆಡ್‌ಸ್ಟಾಕ್‌ಗೆ ಒಂದು ಸಣ್ಣ ಕ್ಲಾಂಪ್ ಕಚ್ಚಿಸಿ ಮತ್ತೆ ನುಡಿಸಿ, ಬಟ್ಟೆ ಇಟ್ಟು ಕಚ್ಚಿಸಿ ಇಲ್ಲಾಂದ್ರೆ ಪಾಲಿಶ್ ಹೋಗತ್ತೆ. ಸತ್ತ ಸ್ವರ ಬೇರೆ ಫ್ರೆಟ್‌ಗೆ ಸರಿದ್ರೆ ಅದು ನೆಕ್ಕಿನ ಗುಣ, ಪಾಕೆಟ್ ಬಿಚ್ಚಿ ಏನೂ ಸಿಗಲ್ಲ. ಇದಕ್ಕೇ ಅಂತ ಪಾಕೆಟ್ ತಳಕ್ಕೆ ಶಿಮ್ (ತೆಳು ಬೆಣೆ) ಮೇಲೆ ಶಿಮ್ ಹಾಕಿ ಒಳ್ಳೇ ಬೇಸ್ ಕೆಡಿಸ್ಕೊಳ್ಳೋದು ನೋಡಿದ್ರೆ ನಿಜಕ್ಕೂ ಹೊಟ್ಟೆ ಉರಿಯತ್ತೆ.

ಬಿಚ್ಚದೇ ಮಾಡೋ ಪರೀಕ್ಷೆ

ಶ್ರುತಿ ತೋರಿಸೋ ಟ್ಯೂನರ್ ಹಾಕಿ ಎ ತಂತೀನ ಎಲ್ಲೂ ಒತ್ತದೆ ನುಡಿಸಿ, ಶ್ರುತಿ ಸರಿ ಮಾಡಿ. ಈಗ ಹೆಡ್‌ಸ್ಟಾಕ್ ಹಿಡಿದು ಮೆಲ್ಲಗೆ ಹಿಂದಕ್ಕೆ ಒತ್ತಿ ಬಿಡಿ, ಮತ್ತೆ ನೋಡಿ. ಆಮೇಲೆ ಮುಂದಕ್ಕೆ, ಆಮೇಲೆ ಪಕ್ಕಕ್ಕೆ. ಒತ್ತಿದಾಗ ಶ್ರುತಿ ಬದಲಾಗೋದು ಸಹಜ, ಮರ ಬಗ್ಗತ್ತೆ. ನೋಡ್ಬೇಕಾಗಿರೋದು ಬಿಟ್ಟ ಮೇಲೆ ಮೊದಲಿನ ಜಾಗಕ್ಕೇ ವಾಪಸ್ ಬರತ್ತಾ ಅಂತ. ಒಂದು ಕಡೆ ಒತ್ತಿ ಬಿಟ್ರೆ ಚೂರು ಇಳಿದು ನಿಲ್ಲೋದು, ಇನ್ನೊಂದು ಕಡೆ ಒತ್ತಿ ಬಿಟ್ರೆ ಚೂರು ಏರಿ ನಿಲ್ಲೋದು ಆದ್ರೆ ಪಾಕೆಟ್ ಒಳಗೆ ನೆಕ್ಕು ಜಾರ್ತಿದೆ, ತಂತಿ ಬಿಗಿಯೋ ಟ್ಯೂನರ್ ಬದಲಾಯಿಸಿ ಉಪಯೋಗ ಇಲ್ಲ. ತಂತಿ ನಟ್‌ನಲ್ಲಿ (ಹೆಡ್‌ಸ್ಟಾಕ್ ಬುಡದಲ್ಲಿ ತಂತಿ ಹಾದುಹೋಗೋ ಪಟ್ಟೀಲಿ) ಸಿಕ್ಕಾಕ್ಕೊಂಡ್ರೂ ಇದೇ ಥರ ಆಗಬಹುದು, ಹಾಗಾಗಿ ನಟ್ ಸಂದಿಗೆ ಚೂರು ಪೆನ್ಸಿಲ್ ಸೀಸದ ಪುಡಿ ಹಾಕಿ ಇನ್ನೊಮ್ಮೆ ನೋಡಿ ಖಚಿತ ಮಾಡ್ಕೊಳಿ. ಒತ್ತುವಾಗ ಪಾಕೆಟ್‌ಗೆ ಕಿವಿ ಕೊಟ್ರೆ ಕಿರ್ರ್ ಅಂತ ಸಣ್ಣ ಸದ್ದು ಬರೋದೂ ಉಂಟು, ಅದು ಕೇಳ್ತು ಅಂದ್ರೆ ಬಿಚ್ಚಲೇಬೇಕು.

ಎರಡನೇದು ಕಾಗದ. ಮಾಮೂಲಿ ಜೆರಾಕ್ಸ್ ಹಾಳೆ ಸುಮಾರು 0.1 ಮಿಮೀ ದಪ್ಪ ಇರತ್ತೆ. ಒಂದು ಪಟ್ಟಿ ಕತ್ತರಿಸಿ ಪಾಕೆಟ್ ಬಾಯಲ್ಲಿ, ಅಂದ್ರೆ ನೆಕ್ಕಿನ ಹಿಂಭಾಗ ಬಾಡಿಗೆ ಸೇರೋ ಗೆರೇಲಿ, ತೂರಿಸಿ ನೋಡಿ. ಅಂಚಲ್ಲಿ ಒಂದೆರಡು ಮಿಮೀ ಹೋಗಿ ನಿಂತ್ರೆ ಪರ್ವಾಗಿಲ್ಲ, ಅಂಚಿನ ದುಂಡು ಅಷ್ಟಿರತ್ತೆ. ಸ್ಕ್ರೂ ತನಕ ಸಲೀಸಾಗಿ ಹೋದ್ರೆ ಹೀಲ್ ತಳಕ್ಕೆ ಕೂತಿಲ್ಲ.

ಮೂರನೇದು, ನೇರ ಇದ್ಯಾ ಅಂತ. ಕೊನೇ ಫ್ರೆಟ್ ಹತ್ರ ಇ ತಂತಿ ಒಂದು ಅಂಚಿಂದ ಎಷ್ಟು ದೂರ ಇದೆ, ಜಿ ಇನ್ನೊಂದು ಅಂಚಿಂದ ಎಷ್ಟು ದೂರ ಇದೆ ಅಳೀರಿ. ಎರಡೂ ಹೆಚ್ಚುಕಮ್ಮಿ ಒಂದೇ ಇರ್ಬೇಕು. ಪಾಕೆಟ್ ಉದ್ದ ಸುಮಾರು 90 ಮಿಮೀ, ಅಲ್ಲಿಂದ ನಟ್ ತನಕ ಅರ್ಧ ಮೀಟರ್‌ಗಿಂತ ಜಾಸ್ತಿ, ಹಾಗಾಗಿ ಪಾಕೆಟ್‌ನಲ್ಲಿ ಅರ್ಧ ಮಿಮೀ ಓರೆಯಾದ್ರೆ ನಟ್ ಹತ್ರ ಹತ್ತಿರತ್ತಿರ 3 ಮಿಮೀ ಆಗತ್ತೆ. ಒಳ್ಳೇದು ಏನಂದ್ರೆ ಇದನ್ನ ಸರಿ ಮಾಡೋದು ಸುಲಭ. ತಂತಿಗಳನ್ನ ಸ್ವಲ್ಪ ಸಡಿಲ ಮಾಡಿ, ನಾಲ್ಕೂ ಸ್ಕ್ರೂ ಕಾಲು ಸುತ್ತು ಬಿಡಿಸಿ, ನೆಕ್ಕನ್ನ ಬೇಕಾದ ಕಡೆ ಎಳೆದು ಹಿಡ್ಕೊಂಡೇ ಮತ್ತೆ ಬಿಗೀರಿ. ಒಬ್ರು ಹಿಡ್ಕೊಂಡು ಇನ್ನೊಬ್ರು ಬಿಗಿದ್ರೆ ಇನ್ನೂ ಒಳ್ಳೇದು. ಜಿ ತಂತಿ ಜಾರ್ತಿದೆ ಅಂತ ಬ್ರಿಡ್ಜ್ ಕಿತ್ತು ಬೇರೆ ಕಡೆ ತೂತು ಹೊಡೆಯೋಕೆ ಹೊರಟಿರೋರು ದಯವಿಟ್ಟು ಮೊದಲು ಇದನ್ನ ಮಾಡಿ.

ಬಿಚ್ಚಿದ ಮೇಲೆ

ತಂತಿ ನಾಲ್ಕೂ ಪೂರ್ತಿ ಸಡಿಲ ಮಾಡಿ, ಬೇಸನ್ನ ದಪ್ಪ ಟವೆಲ್ ಮೇಲೆ ಬೋರಲು ಹಾಕಿ, ಸರಿಯಾಗಿ ಕಚ್ಚೋ 2ನೇ ನಂಬರ್ ಸ್ಟಾರ್ ಸ್ಕ್ರೂಡ್ರೈವರಲ್ಲಿ ಕೈಯಿಂದ ಬಿಚ್ಚಿ. ಯಾವ ಸ್ಕ್ರೂ ಯಾವ ತೂತಿಂದು ಅಂತ ಒಂದು ರಟ್ಟಿಗೆ ಚುಚ್ಚಿಟ್ಕೊಳಿ. ನೆಕ್ಕು ಬರಲಿಲ್ಲ ಅಂತ ಪಕ್ಕಕ್ಕೆ ಆಡಿಸ್ಬೇಡಿ, ನೇರ ಮೇಲಕ್ಕೆ ಎಳೀರಿ. ಪಾಕೆಟ್‌ನ ಜಿ ಕಡೆಯ ತುಟಿ ತೆಳ್ಳಗಿರತ್ತೆ, ಅಲ್ಲಿ ಪಾಲಿಶ್ ಸೀಳು ಬಿಡೋದು ಹೆಚ್ಚಾಗಿ ಹೀಗೆ ಆಡಿಸಿದಾಗಲೇ. ಆ ಕೂದಲೆಳೆ ಸೀಳು ಎಷ್ಟೋ ಸಲ ಪಾಲಿಶಿಗೆ ಮಾತ್ರ ಇರತ್ತೆ, ಮರಕ್ಕೆ ಇಳಿದಿರಲ್ಲ, ಅದಕ್ಕೆ ಹೆದರ್ಬೇಕಾಗಿಲ್ಲ.

ಈಗ ಬೆಳಕಲ್ಲಿ ಪಾಕೆಟ್ ತಳ ನೋಡಿ. ಗಟ್ಟಿಯಾದ ಪೇಂಟ್ ಹನಿ, ಮರದ ಪುಡಿ, ಫ್ಯಾಕ್ಟರಿ ಸ್ಟಿಕ್ಕರ್, ಹಿಂದೆ ಯಾರೋ ಇಟ್ಟ ಸ್ಯಾಂಡ್ ಪೇಪರ್ ಚೂರು, ಮಡಚಿದ ವಿಸಿಟಿಂಗ್ ಕಾರ್ಡು, ಎಲ್ಲ ಸಿಗತ್ವೆ. ವಿಜಯನಗರದ ಸ್ನೇಹಿತರೊಬ್ರು ಆಕ್ಷನ್ (ತಂತಿ ಎತ್ತರ) ಇಳೀತಿಲ್ಲ ಅಂತ ದುಬಾರಿ ಬ್ರಿಡ್ಜ್ ಹಾಕ್ಸಿದ್ರು, ಆಗ್ಲೂ ಇಳೀಲಿಲ್ಲ, ಕೊನೆಗೆ ಬಿಚ್ಚಿದಾಗ ಪಾಕೆಟ್ ಬಾಯಿ ಹತ್ರ ಪೇಂಟ್ ಗಡ್ಡೆ ಕಟ್ಟಿ ಅಕ್ಕಿಕಾಳಿನ ಅರ್ಧದಷ್ಟು ಎದ್ದಿತ್ತು. ಅದನ್ನ ಚೂಪಾದ ಉಳಿಯಿಂದ ಸಮ ಮಾಡಿದ್ದೇ ತಡ, ಹಳೇ ಬ್ರಿಡ್ಜಲ್ಲೇ ಎಲ್ಲ ಸರಿಹೋಯ್ತು. ಗಡ್ಡೆ ಬಾಯಿ ಹತ್ರ ಇದ್ದಿದ್ರಿಂದ ಹೆಡ್‌ಸ್ಟಾಕ್ ಮುಂದಕ್ಕೆ ಬಾಗಿ ತಂತಿ ಎದ್ದಿತ್ತು ಅಷ್ಟೇ.

ಇದಕ್ಕಿಂತ ಜಾಸ್ತಿ ಸಿಗೋ ದೋಷ ಒಂದಿದೆ, ಅದನ್ನ ಯಾರೂ ಹುಡುಕಲ್ಲ. ಹೀಲಿನ ಮೇಲಿರೋ ನಾಲ್ಕು ತೂತುಗಳ ಸುತ್ತ ಬೆರಳು ಸವರಿ. ಸ್ಕ್ರೂ ಬಿಗಿದಾಗ ಅದರ ಮರೆ (ಥ್ರೆಡ್) ಮರವನ್ನ ಮೇಲಕ್ಕೆ ಎಳ್ಕೊಂಡು ತೂತಿನ ಸುತ್ತ ಸಣ್ಣ ದಿಬ್ಬ ಎಬ್ಬಿಸಿರತ್ತೆ. ಆ ನಾಲ್ಕು ದಿಬ್ಬಗಳ ಮೇಲೆ ಇಡೀ ನೆಕ್ಕು ನಿಂತಿರತ್ತೆ, ತಳಕ್ಕೆ ತಾಗೋದೇ ಇಲ್ಲ, ಕಾಲು ಸಮ ಇಲ್ಲದ ಸ್ಟೂಲಿನ ಥರ ಎಷ್ಟು ಬಿಗಿದ್ರೂ ಒಳಗೊಳಗೇ ಆಡ್ತಿರತ್ತೆ. ಕೌಂಟರ್‌ಸಿಂಕ್ ಬಿಟ್ ಕೈಯಲ್ಲೇ ಹಿಡಿದು ಎರಡು ಸುತ್ತು ತಿರುಗಿಸಿ ತೂತಿನ ಬಾಯನ್ನ ಒಂದು ಮಿಮೀ ಅಷ್ಟು ಇಳಿಜಾರು ಮಾಡಿದ್ರೆ ದಿಬ್ಬ ಹೋಗತ್ತೆ, ಮತ್ತೆ ಏಳೋದೂ ಇಲ್ಲ. ಪಾಕೆಟ್ ತಳದ ತೂತುಗಳಿಗೂ ಹಾಗೇ ಮಾಡಿ.

ಆಮೇಲೆ ಬಾಡಿ ತೂತು. ಒಂದು ಸ್ಕ್ರೂನ ಪ್ಲೇಟ್ ಕಡೆಯಿಂದ ಬಾಡಿ ತೂತಿಗೆ ಹಾಕಿ, ಕೈಬೆರಳಲ್ಲಿ ನೂಕಿದ್ರೆ ಸರಾಗವಾಗಿ ಜಾರಿ ಆಚೆ ಬರ್ಬೇಕು. ತಿರುಗಿಸಿದ್ರೆ ಮಾತ್ರ ಹೋಗತ್ತೆ ಅಂದ್ರೆ ಸ್ಕ್ರೂ ಬಾಡಿ ಮರಾನೂ ಕಚ್ತಿದೆ, ಹಾಗಿದ್ದಾಗ ಅದು ನೆಕ್ಕನ್ನ ಬಾಡಿ ಕಡೆ ಎಳೆಯಲ್ಲ, ನಡುವೆ ಎಷ್ಟು ಸಂದಿತ್ತೋ ಅಷ್ಟನ್ನೇ ಕಾಪಾಡ್ಕೊಂಡು ಕೂರತ್ತೆ. ಬಿಗಿ ಆಗಿದೆ ಅನ್ಸತ್ತೆ ಕೈಗೆ, ಆದ್ರೆ ಬಿಗಿ ಇರೋದು ಸ್ಕ್ರೂಗೂ ಬಾಡಿಗೂ, ನೆಕ್ಕಿಗೂ ಬಾಡಿಗೂ ಅಲ್ಲ. ಸ್ಕ್ರೂ ದಪ್ಪ ಸುಮಾರು 4.2 ಮಿಮೀ ಇದ್ರೆ ಬಾಡಿ ತೂತನ್ನ 4.5 ಮಿಮೀ ಬಿಟ್ ಹಾಕಿ ಹಿಗ್ಗಿಸಿ. ನೆಕ್ಕಿನ ತೂತು ಮುಟ್ಬೇಡಿ, ಅದು ಬಿಗಿಯಾಗೇ ಇರ್ಬೇಕು. ಕೂತಿಲ್ಲ ಅಂತ ಬರೋ ಬೇಸ್‌ಗಳಲ್ಲಿ ನಾನು ಮೊದಲು ಅನುಮಾನ ಪಡೋದೇ ಈ ತೂತುಗಳ ಮೇಲೆ.

ಎಲ್ಲ ಆದ್ಮೇಲೆ ಹೀಲಿನ ತಳಕ್ಕೆ ಸ್ಲೇಟಿನ ಬಳಪ ಉಜ್ಜಿ, ನೆಕ್ಕಿಟ್ಟು ಬಿಗಿದು, ಮತ್ತೆ ಬಿಚ್ಚಿ ನೋಡಿ. ಪಾಕೆಟ್‌ನಲ್ಲಿ ಬಳಪ ಎಲ್ಲೆಲ್ಲಿ ಅಂಟಿದೆ ಅಂತ ನೋಡಿದ್ರೆ ಎಲ್ಲಿ ಕೂತಿದೆ ಎಲ್ಲಿ ಕೂತಿಲ್ಲ ಅಂತ ಕಣ್ಣಿಗೇ ಕಾಣತ್ತೆ. ನಡುವೆ ಮಾತ್ರ ಅಂಟಿದ್ರೆ ಹೀಲ್ ಉಬ್ಬಿದೆ ಅಥವಾ ತಳ ಉಬ್ಬಿದೆ, ಸ್ಟೀಲ್ ಸ್ಕೇಲ್ ಅಂಚನ್ನ ನಿಲ್ಲಿಸಿ ಬೆಳಕಿಗೆ ಹಿಡಿದು ಯಾವುದು ಅಂತ ಕಂಡುಹಿಡೀರಿ. ಚಪ್ಪಟೆ ಮರದ ತುಂಡಿಗೆ ಸ್ಯಾಂಡ್ ಪೇಪರ್ ಸುತ್ತಿ ಸ್ವಲ್ಪ ಸ್ವಲ್ಪನೇ ಉಜ್ಜಿ, ಬರೀ ಕೈಯಲ್ಲಿ ಉಜ್ಜಿದ್ರೆ ಅಂಚುಗಳು ದುಂಡಾಗಿ ಇನ್ನೂ ಕೆಡತ್ತೆ.

ಸ್ಕ್ರೂ ಸುತ್ತತ್ತೆ, ಬಿಗಿಯಾಗಲ್ಲ ಅಂದ್ರೆ

ನೆಕ್ಕಿನ ತೂತಿನ ಮರೆ ಸವೆದಿದೆ. ದಪ್ಪ ಸ್ಕ್ರೂ ಹಾಕೋದು ಬೇಡ, ಉದ್ದ ಸ್ಕ್ರೂ ಅಂತೂ ಬೇಡವೇ ಬೇಡ, ಹೀಲ್ ದಪ್ಪ ಸುಮಾರು 25 ಮಿಮೀ ಇರೋದ್ರಿಂದ ಅಂದಾಜಿಲ್ದೆ ಹೋದ್ರೆ ಫಿಂಗರ್‌ಬೋರ್ಡಿನ ಬೀಟೆ ಮರ ಎದ್ದು ಬರತ್ತೆ. ತಾತ್ಕಾಲಿಕಕ್ಕೆ ಟೂತ್‌ಪಿಕ್ಕು ಫೆವಿಕಾಲು ಸಾಕು. ಗಟ್ಟಿ ಕೆಲಸ ಬೇಕು ಅಂದ್ರೆ ತೂತನ್ನ 8 ಮಿಮೀಗೆ ಹಿಗ್ಗಿಸಿ, ಡ್ರಿಲ್ ಬಿಟ್‌ಗೆ ಟೇಪ್ ಸುತ್ತಿ ಆಳ ಗುರುತು ಮಾಡ್ಕೊಂಡು, ಗಟ್ಟಿ ಮರದ ಗೂಟ ಅಂಟಿಸಿ ಒಂದು ದಿನ ಬಿಟ್ಟು, ಸಮ ಮಾಡಿ, 3.2 ಮಿಮೀ ತೂತು ಹೊಡೀರಿ. ಮೇಪಲ್ ಗೂಟ ಸಿಕ್ರೆ ಸರಿ, ಇಲ್ಲಾಂದ್ರೆ ಮೈಸೂರು ರೋಡ್ ಕಡೆ ಟಿಂಬರ್ ಯಾರ್ಡ್ ಲೇಔಟಲ್ಲಿ ಗಟ್ಟಿ ಮರದ ತುಂಡು ಕೇಳಿ ತಂದು ಕಾರ್ಪೆಂಟರ್ ಹತ್ರ ಗೂಟ ಮಾಡಿಸ್ಕೊಳಿ.

ಶಿಮ್ ಯಾವಾಗ, ಯಾವ ಕಡೆ

ತಳ ಸ್ವಚ್ಛ ಆಯ್ತು, ಹೀಲ್ ಕೂತಿದೆ, ಆದ್ರೂ ಸ್ಯಾಡಲ್ ಕೊನೆಗಿದೆ ಅಂದಾಗ ಮಾತ್ರ ಶಿಮ್. ಆಕ್ಷನ್ ಜಾಸ್ತಿ ಇದ್ರೆ ಬೆಣೆಯ ದಪ್ಪ ತುದಿ ಬ್ರಿಡ್ಜ್ ಕಡೆ ಬರ್ಬೇಕು, ಆಗ ಹೆಡ್‌ಸ್ಟಾಕ್ ಹಿಂದಕ್ಕೆ ಹೋಗತ್ತೆ. ಆಕ್ಷನ್ ತೀರಾ ಕಮ್ಮಿ ಇದ್ರೆ ದಪ್ಪ ತುದಿ ಪಾಕೆಟ್ ಬಾಯಿ ಕಡೆ. ಎಷ್ಟು ದಪ್ಪ? ಪಾಕೆಟ್ ಬಾಯಿಂದ ಸ್ಯಾಡಲ್ ತನಕ 340 ಮಿಮೀ, ಪಾಕೆಟ್ ಉದ್ದ 90 ಮಿಮೀ ಅಂತಾದ್ರೆ, ಬ್ರಿಡ್ಜ್ ಕಡೆ ತುದಿ 0.5 ಮಿಮೀ ಎತ್ತಿದ್ರೆ ಸ್ಯಾಡಲ್ ಹತ್ರ ಸುಮಾರು 1.9 ಮಿಮೀ ವ್ಯತ್ಯಾಸ ಆಗತ್ತೆ. ಅಂದ್ರೆ ಸ್ಯಾಡಲ್‌ಗಳು ಅಷ್ಟು ಮೇಲೆ ಬಂದು ಹೊಂದಿಸೋಕೆ ಜಾಗ ಸಿಗತ್ತೆ. ನಿಮ್ಮ ಬೇಸಿನ ಅಳತೆ ನೀವೇ ತಗೊಂಡು ಇದೇ ಥರ ಲೆಕ್ಕ ಹಾಕಿ, ಬಹಳ ಬೇಸ್‌ಗಳಿಗೆ ಅರ್ಧ ಮಿಮೀ ಸಾಕಾಗತ್ತೆ. ಒಂದು ಮಿಮೀ ಮೀರ್ಬೇಕು ಅನ್ಸಿದ್ರೆ ಬೇರೆಲ್ಲೋ ತಪ್ಪಿದೆ ಅಂತ ಮತ್ತೆ ಹುಡುಕಿ, ಯಾಕಂದ್ರೆ ಮೊದಲು ಹೇಳಿದ 14-15 ಮಿಮೀ ಕಚ್ಚಿನಲ್ಲಿ ಶಿಮ್ ದಪ್ಪ ಅಷ್ಟನ್ನೂ ಕಳ್ಕೊಳ್ತೀರ.

ವಿಸಿಟಿಂಗ್ ಕಾರ್ಡ್ ತುಂಡು ಎಷ್ಟು ದಪ್ಪ ಬೇಕು ಅಂತ ಕಂಡುಹಿಡಿಯೋಕೆ ಚೆನ್ನಾಗಿದೆ, ಅದನ್ನೇ ಬಿಟ್ಟು ಮುಚ್ಬೇಡಿ. ತುದೀಲಿ ಮಾತ್ರ ತುಂಡಿಟ್ರೆ ನಡುವೆ ಹೀಲ್ ಗಾಳೀಲಿ ನಿಂತಿರತ್ತೆ. ಪ್ಲೈವುಡ್ ಅಂಗಡೀಲಿ ವೆನೀರ್ ಸ್ಯಾಂಪಲ್ ತುಂಡು ತಂದು, ಡಬಲ್ ಟೇಪಲ್ಲಿ ಹಲಗೆಗೆ ಅಂಟಿಸಿ, ಒಂದು ಕಡೆ ಸೊನ್ನೆಗೆ ಇಳಿಯೋ ಹಾಗೆ ಉಜ್ಜಿ, ಪಾಕೆಟ್ ಪೂರ್ತಿ ತುಂಬೋ ಬೆಣೆ ಮಾಡಿ. ತಾಳ್ಮೆ ಬೇಕು, ಆದ್ರೆ ಒಮ್ಮೆ ಮಾಡಿದ್ರೆ ಮುಗೀತು. 70ರ ದಶಕದ ಕೆಲವು ಫೆಂಡರ್‌ಗಳಲ್ಲಿ ಮೂರು ಸ್ಕ್ರೂ ಜೊತೆ ಕೋನ ಹೊಂದಿಸೋ ಮೈಕ್ರೋ-ಟಿಲ್ಟ್ ಇರತ್ತೆ, ಅಂಥದ್ದಿದ್ರೆ ಶಿಮ್ ಬೇಕಾಗಲ್ಲ, ಪ್ಲೇಟಿನ ಸಣ್ಣ ತೂತಲ್ಲಿ ಅಲೆನ್ ಕೀ ಹಾಕಿ ಹೊಂದಿಸಬಹುದು, ತಿರುಗಿಸೋ ಮೊದಲು ಸ್ಕ್ರೂಗಳನ್ನ ಸಡಿಲ ಮಾಡಿ.

ವಾಪಸ್ ಹಾಕುವಾಗ

ಸ್ಕ್ರೂಗೆ ಚೂರು ಮೇಣದಬತ್ತಿ ಸವರಿ. ಹಳೇ ಮರೆಗೇ ಕೂರೋಕೆ ಮೊದಲು ಉಲ್ಟಾ ತಿರುಗಿಸಿ, ಟಕ್ ಅಂತ ಇಳಿದಾಗ ಮುಂದಕ್ಕೆ ತಿರುಗಿಸಿ. ನೆಕ್ಕನ್ನ ಬ್ರಿಡ್ಜ್ ಕಡೆಯ ಗೋಡೆಗೆ ಒತ್ತಿ ಹಿಡ್ಕೊಂಡು ಮೂಲೆಯಿಂದ ಮೂಲೆಗೆ ಕೈಯಲ್ಲೇ ಬಿಗೀರಿ, ಡ್ರಿಲ್ ಮೆಷಿನ್ ಬೇಡ. ಆ ಗೋಡೆಗೆ ತಾಗದೆ ಸಂದು ಉಳಿದ್ರೆ ಸ್ಕೇಲ್ ಉದ್ದ ಆಗಿ 12ನೇ ಫ್ರೆಟ್ ಸ್ವರ ಫ್ಲಾಟ್ (ಶ್ರುತಿಗಿಂತ ಕೆಳಗೆ) ಕೇಳ್ಸತ್ತೆ. ನಟ್‌ನಿಂದ 12ನೇ ಫ್ರೆಟ್ 431.8 ಮಿಮೀ, ಅಲ್ಲಿಂದ ಜಿ ಸ್ಯಾಡಲ್‌ಗೂ ಅಷ್ಟೇ ಅಥವಾ ಚೂರೇ ಜಾಸ್ತಿ ಇರ್ಬೇಕು. ತಂತಿ ಪೂರ್ತಿ ಟ್ಯೂನ್ ಆದ ಮೇಲೆ ನಾಲ್ಕೂ ಸ್ಕ್ರೂನ ಕಾಲು ಸುತ್ತು ಸಡಿಲಿಸಿ ಮತ್ತೆ ಬಿಗಿದ್ರೆ ತಂತಿಯ ಎಳೆತವೇ ನೆಕ್ಕನ್ನ ಗೋಡೆಗೆ ಕೂರಿಸತ್ತೆ, ಕೆಲವು ಸಲ ಸಣ್ಣ ಟಿಕ್ ಸದ್ದೂ ಬರತ್ತೆ. ಕಾಲು ಸುತ್ತಿಗಿಂತ ಜಾಸ್ತಿ ಬಿಡಿಸ್ಬೇಡಿ, ಹೊಸದಾಗಿ ಗೂಟ ಹೊಡೆದ ನೆಕ್ಕಿಗೆ ಇದನ್ನ ಮಾಡಲೇಬೇಡಿ.

ನಮ್ಮೂರಲ್ಲಿ ಫೆಬ್ರವರಿಯಿಂದ ಏಪ್ರಿಲ್ ತನಕ ಮಧ್ಯಾಹ್ನದ ಗಾಳಿ ಒಣಗಿರತ್ತೆ, ಮಳೆಗಾಲದಲ್ಲಿ ಮರ ಉಬ್ಬತ್ತೆ. ಬೇಸಿಗೆ ಹೊತ್ತಿಗೆ ಸ್ಕ್ರೂ ಒಂದ್ಚೂರು ಸಡಿಲ ಅನ್ಸಿದ್ರೆ ಬಿಗಿದು ಬಿಡಿ, ಪ್ರತಿ ವಾರ ಬಿಗಿಯೋ ಅಭ್ಯಾಸ ಬೇಡ, ಮರೆ ಸವೆಯತ್ತೆ. ಮಳೆಗಾಲದಲ್ಲಿ ಬಿಗಿ ಪಾಕೆಟ್‌ನಿಂದ ನೆಕ್ಕು ಬರ್ತಿಲ್ಲ ಅಂದ್ರೆ ಎಳೆದಾಡ್ಬೇಡಿ, ಒಣಗಿದ ರೂಮಲ್ಲಿ ಎರಡು ದಿನ ಇಟ್ಟು ಆಮೇಲೆ ಪ್ರಯತ್ನ ಮಾಡಿ.

ಇಷ್ಟೆಲ್ಲ ಸರಿ ಇದ್ದೂ 15-16ನೇ ಫ್ರೆಟ್ ಆಚೆ ಮಾತ್ರ ಗರಗರ ಅಂತಿದ್ರೆ ಹೀಲಿನ ಮೇಲಿನ ಫಿಂಗರ್‌ಬೋರ್ಡ್ ಎದ್ದಿರಬಹುದು. 12ನೇ ಫ್ರೆಟ್‌ನಿಂದ ಕೊನೆ ತನಕ ಸ್ಟೀಲ್ ಸ್ಕೇಲ್ ಇಟ್ಟು ನೋಡಿ, ಅದು ಕೊನೇ ಫ್ರೆಟ್‌ಗಳ ಮೇಲೆ ಕೂತು ನಡುವೆ ಬೆಳಕು ಕಂಡ್ರೆ ಅದೇ. ಅದಕ್ಕೆ ಶಿಮ್ ಮದ್ದಲ್ಲ, ಫ್ರೆಟ್ ಲೆವೆಲ್ (ಫ್ರೆಟ್‌ಗಳ ಎತ್ತರ ಸಮ) ಮಾಡಿಸ್ಬೇಕು. ಹೀಲಿನಲ್ಲಿ ಎರಡು ಸ್ಕ್ರೂ ತೂತುಗಳ ನಡುವೆ ಮರ ಸೀಳಿದ್ರೆ, ಅಥವಾ ನೆಕ್ಕು ತಿರುಚಿಕೊಂಡಿದ್ರೆ, ತಂತಿ ಸಡಿಲ ಮಾಡಿಟ್ಟು ಕೆಲಸ ಗೊತ್ತಿರೋ ಲೂಥಿಯರ್ (ಗಿಟಾರ್ ರಿಪೇರಿ ಮಾಡೋರು) ಹತ್ರ ತಗೊಂಡೋಗಿ, ಬಳಪದ ಗುರುತು ಬಿದ್ದ ಪಾಕೆಟ್ ಫೋಟೋ ಜೊತೇಲಿ ತೋರಿಸಿದ್ರೆ ಅವರಿಗೂ ಅರ್ಧ ಕೆಲಸ ಉಳಿಯತ್ತೆ.